ಹಳೆಯ ಕಾರಿನ ಎಂಜಿನ್ ಕೈಕೊಟ್ಟಾಗ: ದುರಸ್ತಿಯೋ, ವಿಲೇವಾರಿಯೋ?

ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನೆಯ ಮುಂದೆ ನಿಂತಿರುವ ಹತ್ತು ಹನ್ನೆರಡು ವರ್ಷದ ಕಾರು ಹೆಸರಿಗೆ ಮಾತ್ರ ಕುಟುಂಬದ ವಾಹನ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಅದೇ ಕಾರು ಹತ್ತು ಗಂಟೆಗೆ ಬ್ಯಾಂಕಿಗೆ, ಮಧ್ಯಾಹ್ನ ಎ.ಪಿ.ಎಂ.ಸಿ. ಯಾರ್ಡಿಗೆ, ಸಂಜೆ ಸರಕಿನ ಮಾದರಿಗಳೊಂದಿಗೆ ಗಿರಾಕಿಯ ಬಾಗಿಲಿಗೆ ಹೋಗುತ್ತದೆ. ಇಂತಹ ಕಾರಿನ ಎಂಜಿನ್ ದಾರಿಯಲ್ಲಿ ನಿಂತುಹೋದರೆ ಮನೆಯ ಕೆಲಸವೂ ಅಂಗಡಿಯ ಕೆಲಸವೂ ಒಟ್ಟಿಗೆ ನಿಲ್ಲುವುದರಿಂದ ಮಾಲೀಕನ ತೀರ್ಮಾನ ಆತುರದ್ದಾಗಿರುತ್ತದೆ. ಒಂದೆಡೆ ‘ಎಂಜಿನ್ ಹೋಗಿದೆ ಸಾರ್, ಬಿಚ್ಚಲೇಬೇಕು’ ಎಂಬ ಮೆಕ್ಯಾನಿಕ್‌ನ ಮಾತು. ಇನ್ನೊಂದೆಡೆ ‘ಇದನ್ನು ಕೊಟ್ಟುಬಿಡಿ, ಹೊಸದಕ್ಕೆ ಸಾಲ ಸಿಗುತ್ತದೆ’ ಎಂಬ ಹಿತೈಷಿಗಳ ಸಲಹೆ. ಎರಡರ ಹಿಂದೆಯೂ ಅಳತೆಯಿಲ್ಲ, ಲೆಕ್ಕವಿಲ್ಲ. ತಪ್ಪು ತೀರ್ಮಾನದ ಹಣ ಕೊನೆಗೆ ಹೊರಡುವುದು ದುಡಿಯುವ ಬಂಡವಾಳದಿಂದಲೇ ಆದುದರಿಂದ, ಈ ವಿಷಯವನ್ನು ಯಂತ್ರದ ದೃಷ್ಟಿಯಿಂದಲೂ ಲೆಕ್ಕಪತ್ರದ ದೃಷ್ಟಿಯಿಂದಲೂ ಪರಿಶೀಲಿಸುವುದು ಅಗತ್ಯ.

‘ಎಂಜಿನ್ ಹೋಗಿದೆ’ ಎಂದರೇನು?

ಈ ಒಂದೇ ಮಾತಿನಡಿ ಕನಿಷ್ಠ ಐದು ಬೇರೆ ಬೇರೆ ಕಾಯಿಲೆಗಳು ಅಡಗಿವೆ: ಅತಿಯಾಗಿ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಒಡೆಯುವುದು, ಟೈಮಿಂಗ್ ಬೆಲ್ಟ್ ತುಂಡಾಗಿ ವಾಲ್ವ್‌ಗಳು ಬಾಗುವುದು, ಆಯಿಲ್ ಸಿಗದೆ ಬೇರಿಂಗ್‌ಗಳು ಸೀಜ್ ಆಗುವುದು, ರಿಂಗ್ ಮತ್ತು ಬೋರ್ ಸವೆಯುವುದು, ಮಳೆಗಾಲದಲ್ಲಿ ಸಿಲಿಂಡರ್‌ಗೆ ನೀರು ನುಗ್ಗುವುದು. ಇವುಗಳ ವೆಚ್ಚದಲ್ಲಿ ಅಜಗಜಾಂತರವಿದೆ.

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಮೊದಲನೆಯದು. ಬಹುತೇಕ ಸಣ್ಣ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಅನೇಕ ಹಳೆಯ ಮಾದರಿಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಿತಿಮೀರಿ ಬಿಸಿಯಾದ ಎಂಜಿನ್‌ನಲ್ಲಿ ಹೆಡ್ ಬಾಗಿ, ಎರಡರ ನಡುವಿನ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್‌ನ ಒತ್ತಡ ಕೂಲೆಂಟ್‌ಗೆ, ಕೂಲೆಂಟ್ ಆಯಿಲ್‌ಗೆ ದಾರಿ ಮಾಡಿಕೊಳ್ಳುತ್ತವೆ. ರೇಡಿಯೇಟರ್‌ನಲ್ಲಿ ಬಿಡದೆ ಗುಳ್ಳೆ ಏಳುವುದು, ಸೈಲೆನ್ಸರ್‌ನಿಂದ ನಿಲ್ಲದ ಬಿಳಿಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತಂತಹ ಆಯಿಲ್, ಇವು ಅದರ ಲಕ್ಷಣಗಳು. ಆಯಿಲ್ ಮುಚ್ಚಳದ ಒಳಗೆ ಮಾತ್ರ ತುಸು ನೊರೆ ಕಂಡರೆ ಗಾಬರಿಯಾಗಬೇಕಿಲ್ಲ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ತೇವಾಂಶದಿಂದಲೂ ಅದು ಕೂಡುತ್ತದೆ.

ಈ ಇಡೀ ಅನಾಹುತದ ಮೂಲ ಎಷ್ಟೋ ಬಾರಿ ಅಲ್ಪ ಬೆಲೆಯ ಒಂದು ಬಿಡಿಭಾಗ. ರೇಡಿಯೇಟರ್ ಮುಚ್ಚಳ ಕೇವಲ ಮುಚ್ಚಳವಲ್ಲ. ಅದು ಸುಮಾರು 0.9 ಬಾರ್ ಒತ್ತಡವನ್ನು ಹಿಡಿದಿಟ್ಟರೆ 100 ಡಿಗ್ರಿಗೆ ಕುದಿಯುವ ನೀರು 118 ಡಿಗ್ರಿಯ ತನಕ ಕುದಿಯುವುದಿಲ್ಲ. ಅದರ ರಬ್ಬರ್ ಗಟ್ಟಿಯಾದರೆ ಈ ರಕ್ಷಣೆ ಇಲ್ಲವಾಗುತ್ತದೆ. ನಮ್ಮ ಹವೆಗೆ ಥರ್ಮೋಸ್ಟಾಟ್ ಬೇಕಿಲ್ಲವೆಂದು ಅದನ್ನು ಕಿತ್ತೆಸೆಯುವ ಪದ್ಧತಿಯೂ ಗ್ಯಾರೇಜುಗಳಲ್ಲಿ ಬೇರೂರಿದೆ. ಅದರಿಂದ ಎಂಜಿನ್ ತಕ್ಕ ಉಷ್ಣಾಂಶಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಸುಡುತ್ತದೆ, ಬೋರ್ ಬೇಗ ಸವೆಯುತ್ತದೆ. ಕೂಲೆಂಟ್ ಬದಲು ನಲ್ಲಿ ನೀರು ತುಂಬಿದರೆ ಒಳಗಿನ ನೀರಿನ ದಾರಿಗಳು ತುಕ್ಕಿನಿಂದ ಕಟ್ಟಿಕೊಳ್ಳುತ್ತವೆ. ತನ್ನ ಕಾರ್ಖಾನೆಯ ಕಂಪ್ರೆಸರ್‌ಗೆ ಆಯಿಲ್ ಬದಲಿಸಿದ ದಿನಾಂಕವನ್ನು ಗೋಡೆಯ ಮೇಲೆ ಬರೆಸುವ ಉದ್ಯಮಿಯೇ ಕಾರಿನ ವಿಷಯದಲ್ಲಿ ಇದನ್ನೆಲ್ಲ ಚಾಲಕನಿಗೆ ಬಿಟ್ಟಿರುವುದು ವಿಚಿತ್ರವೆನಿಸಿದರೂ ಸಾಮಾನ್ಯ.

ಉಷ್ಣಾಂಶದ ಮುಳ್ಳು ಕೆಂಪು ಗೆರೆಗೆ ಏರಿದಾಗ ‘ಇನ್ನು ನಾಲ್ಕೇ ಕಿಲೋಮೀಟರ್’ ಎಂದು ಓಡಿಸುವುದೇ ದುಬಾರಿಯ ಮೊದಲ ಹೆಜ್ಜೆ. ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ದ್ರವದ ಬದಲು ಗಾಳಿಯನ್ನು ಅಳೆಯುತ್ತಿರುವುದರಿಂದ ಮುಳ್ಳು ಕೆಳಗಿಳಿಯಲೂಬಹುದು; ಅದನ್ನು ಸುಧಾರಣೆ ಎಂದು ತಿಳಿಯಬಾರದು. ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು, ತಣಿಯುವವರೆಗೆ ಮುಚ್ಚಳ ತೆರೆಯಬಾರದು, ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು. ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದಾಗಲಂತೂ ಒಂದು ನಿಮಿಷವೂ ಓಡಿಸಲಾಗದು. ನೀರು ನುಗ್ಗಿ ನಿಂತ ಎಂಜಿನ್‌ಗೆ ಸೆಲ್ಫ್ ಹೊಡೆಯುವುದೂ ಅಷ್ಟೇ ಅಪಾಯಕರ. ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಪ್ಲಗ್ ಬಿಚ್ಚಿ ನೀರು ಹೊರಹಾಕಿಸಬೇಕು. ಎಳೆದೊಯ್ಯುವ ವಾಹನದ ಬಾಡಿಗೆ ಈ ಯಾವುದೇ ದುರಸ್ತಿಯ ಮುಂದೆ ಅತ್ಯಲ್ಪ.

ಬಿಚ್ಚುವ ಮುನ್ನ ಅಳತೆ

ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡುವ ಮುನ್ನ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಪ್ಲಗ್‌ಗಳನ್ನು ತೆಗೆದು, ಅದೇ ರಂಧ್ರಕ್ಕೆ ಗೇಜ್ ಕೂರಿಸಿ ಸೆಲ್ಫ್ ತಿರುಗಿಸುವ ಸರಳ ಪರೀಕ್ಷೆ ಇದು. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 150ರಿಂದ 180 ಪಿ.ಎಸ್.ಐ. ತೋರಿಸುತ್ತದೆ, ಆಯಾ ಮಾದರಿಯ ಅಂಕಿ ತಯಾರಕರ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಹೆಚ್ಚು ಮಾತನಾಡುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಂಭವವೇ ಹೆಚ್ಚು. ಒತ್ತಡ ಕಡಿಮೆಯಿರುವ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ದೋಷ ರಿಂಗ್ ಅಥವಾ ಬೋರ್‌ನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಹೆಡ್ ಮಾತ್ರ ಬಿಚ್ಚಿದರೆ ಸಾಕೋ, ಪೂರ್ತಿ ಎಂಜಿನ್ ಕೆಳಗಿಳಿಸಬೇಕೋ ಎಂಬ ಪ್ರಶ್ನೆಗೆ ಉತ್ತರ ಹೀಗೆ ಅರ್ಧ ಗಂಟೆಯಲ್ಲಿ ದೊರೆಯುತ್ತದೆ. ಟೈಮಿಂಗ್ ಬೆಲ್ಟ್ ತುಂಡಾಗಿದೆ ಎಂಬ ಅನುಮಾನವಿದ್ದರೆ ಮಾತ್ರ ಮೊದಲು ಬೆಲ್ಟ್‌ನ ಕವರ್ ತೆಗೆಸಿ ನೋಡಬೇಕು; ಅಂತಹ ಎಂಜಿನ್ ತಿರುಗಿಸುವುದು ಸಲ್ಲದು.

ಟೈಮಿಂಗ್ ಬೆಲ್ಟ್ ರಬ್ಬರಿನದು. ಓಡಿದ ದೂರದಷ್ಟೇ ಕಳೆದ ವರ್ಷಗಳೂ ಅದಕ್ಕೆ ಲೆಕ್ಕ. ಹಳೆಯ ಸ್ಯಾಂಟ್ರೋದಂತಹ ಕಾರುಗಳಲ್ಲಿ ಬೆಲ್ಟ್ ಓಟದಲ್ಲಿ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುತ್ತವೆ. ಹಳೆಯ ಕಾರು ಕೊಂಡವರು ಬೆಲ್ಟ್ ಬದಲಿಸಿದ ದಾಖಲೆ ಸಿಗದಿದ್ದರೆ ಅದನ್ನು ಬದಲಿಸಿಲ್ಲವೆಂದೇ ಭಾವಿಸುವುದು ಜಾಣತನ.

ಹೆಡ್ ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವುದಷ್ಟೇ ದುರಸ್ತಿಯಲ್ಲ. ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಹೆಡ್‌ನ ಬಾಗು ಅಳೆಯಬೇಕು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಒಪ್ಪಬಹುದಾದ ಬಾಗು 0.05 ಮಿ.ಮೀ. ಮಾತ್ರ. ಮೀರಿದ್ದರೆ ಫೇಸಿಂಗ್ ಮಾಡಿಸಬೇಕು, ಬಿರುಕಿಗಾಗಿ ಪ್ರೆಷರ್ ಟೆಸ್ಟ್ ಮಾಡಿಸಬೇಕು, ಬೋಲ್ಟ್‌ಗಳನ್ನು ಕೈಪಿಡಿಯ ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಬೋರ್ ಸವೆದಿದ್ದರೆ 0.25 ಅಥವಾ 0.50 ಮಿ.ಮೀ. ಹೆಚ್ಚಿನ ಅಳತೆಯ ಪಿಸ್ಟನ್‌ಗೆ ತಕ್ಕಂತೆ ಬೋರ್ ಮಾಡಿಸಬೇಕಾಗುತ್ತದೆ. ಕ್ರ್ಯಾಂಕ್‌ಗೆ ಗ್ರೈಂಡಿಂಗ್ ಮಾಡಿಸಿದರೆ ಅದಕ್ಕೆ ತಕ್ಕ ಬೇರಿಂಗ್ ಶೆಲ್ ಬೇಕು. ಲೇತ್ ಕೆಲಸದ ಅಂಗಡಿಯಿಂದ ಈ ಅಳತೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಮಾಲೀಕನ ಹಕ್ಕು. ಮೈಕ್ರೋಮೀಟರ್ ಬಲ್ಲ ಸಣ್ಣ ಕೈಗಾರಿಕೋದ್ಯಮಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಗ್ಯಾರೇಜಿನಿಂದ ಅಂದಾಜುಪಟ್ಟಿಯನ್ನು ಬಿಚ್ಚುವ ಮುನ್ನ ಒಮ್ಮೆ, ಬಿಚ್ಚಿ ಅಳೆದ ಮೇಲೆ ಇನ್ನೊಮ್ಮೆ ಪಡೆಯಬೇಕು. ತೆಗೆದ ಹಳೆಯ ಭಾಗಗಳನ್ನು ಮರಳಿ ಕೇಳಬೇಕು. ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಬೆರೆಸಿ ಮಾರುವ ಕ್ರಮಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಚಾಲನೆ ದೊರೆತ ಬಳಿಕ, ಎಂಜಿನ್ ಬಿಚ್ಚಿದಾಗಲೇ ಹಳೆಯ ರಬ್ಬರ್ ಇಂಧನ ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸುವುದೂ ಯುಕ್ತ.

ಬದಲಿ ಎಂಜಿನ್

ಬೆಂಗಳೂರಿನ ಶಿವಾಜಿನಗರದಂತಹ ಗುಜರಿ ಪೇಟೆಗಳಿಂದ ಬಳಸಿದ ಎಂಜಿನ್ ತಂದು ಕೂರಿಸುವುದು ಬೇಗ ಮುಗಿಯುವ ದಾರಿ. ಆದರೆ ಆ ಎಂಜಿನ್ ಎಷ್ಟು ಓಡಿದೆ, ಯಾಕೆ ಹೊರಬಂದಿದೆ ಎಂಬುದಕ್ಕೆ ಮಾರುವವನ ಮಾತೇ ಸಾಕ್ಷಿ. ಬಿಲ್ಲಿಲ್ಲದ ಎಂಜಿನ್ ಕಳವಿನದಾಗಿದ್ದರೆ ತೊಂದರೆ ಕೊಂಡವನ ಕೊರಳಿಗೇ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಪೂರ್ವಾನುಮತಿಯಿಲ್ಲದೆ ಎಂಜಿನ್ ಬದಲಿಸಿದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್.ಸಿ.ಯಲ್ಲಿ ದಾಖಲಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಆರ್.ಸಿ.ಯ ಸಂಖ್ಯೆಗೂ ಎಂಜಿನ್ ಮೇಲಿನ ಸಂಖ್ಯೆಗೂ ತಾಳೆಯಾಗದ ಕಾರಿನ ಅಪಘಾತ ಪರಿಹಾರ ವಿವಾದಕ್ಕೆ ಸಿಲುಕುವುದು ಸಹಜ. ದುರಸ್ತಿಯ ವೆಚ್ಚವನ್ನಾದರೂ ವಿಮೆ ಭರಿಸೀತು ಎಂಬ ನಿರೀಕ್ಷೆ ಬೇಡ. ಸಾಮಾನ್ಯ ಪ್ಯಾಕೇಜ್ ಪಾಲಿಸಿ ಸವೆತವನ್ನೂ ಯಾಂತ್ರಿಕ ವೈಫಲ್ಯವನ್ನೂ ಸ್ಪಷ್ಟವಾಗಿ ಹೊರಗಿಟ್ಟಿದೆ.

ಲೆಕ್ಕ ಹಾಕುವ ಬಗೆ

ಹೆಚ್ಚಿನವರು ದುರಸ್ತಿಯ ಮೊತ್ತವನ್ನು ಕಾರಿನ ಬೆಲೆಯೊಂದಿಗೆ ಹೋಲಿಸಿ, ‘ತೊಂಬತ್ತು ಸಾವಿರದ ಕಾರಿಗೆ ನಲವತ್ತೈದು ಸಾವಿರದ ಖರ್ಚೇ?’ ಎಂದು ಹೌಹಾರುತ್ತಾರೆ. ಇದು ತಪ್ಪು ಹೋಲಿಕೆ. ಓಡುವ ಸ್ಥಿತಿಯಲ್ಲಿ ಒಂದು ಕಾರಿಗೆ 90,000 ರೂ., ಎಂಜಿನ್ ಸತ್ತ ಸ್ಥಿತಿಯಲ್ಲಿ 25,000 ರೂ. ಸಿಗುತ್ತದೆಂದು ಉದಾಹರಣೆಗೆ ಭಾವಿಸಬಹುದು. ದುರಸ್ತಿಯಿಂದ ದೊರೆಯುವ ಮೌಲ್ಯ 65,000 ರೂ. ದುರಸ್ತಿಯ ಅಂದಾಜು 45,000 ರೂ. ಆಗಿದ್ದು, ಬಿಚ್ಚಿದ ಮೇಲೆ ಹೊರಬೀಳುವ ಖರ್ಚಿಗೆಂದು ಕಾಲು ಭಾಗ ಸೇರಿಸಿದರೂ 56,250 ರೂ. ಆಯಿತು. ಮಾರುವ ಉದ್ದೇಶವಿದ್ದರೂ ದುರಸ್ತಿ ಮಾಡಿಸಿ ಮಾರುವುದೇ ಮೇಲು. ಅದೇ ಕಾರು ಓಡುವ ಸ್ಥಿತಿಯಲ್ಲಿಯೂ 60,000 ರೂ. ಮಾತ್ರ ಬೆಲೆಬಾಳುವುದಾದರೆ ಅದೇ ದುರಸ್ತಿ ನಷ್ಟದ ಬಾಬತ್ತು. ಕಳೆದ ವರ್ಷ ಹೊಸ ಟೈರಿಗೆ, ಬ್ಯಾಟರಿಗೆ ಹಾಕಿದ ಹಣ ಈ ಲೆಕ್ಕದಲ್ಲಿ ಬರಕೂಡದು. ಯಾವ ದಾರಿ ಹಿಡಿದರೂ ಅದು ಖರ್ಚಾಗಿಹೋದ ಹಣವೇ.

ಎರಡನೆಯದಾಗಿ ನೋಡಬೇಕಾದುದು ಆರ್.ಸಿ.ಯಲ್ಲಿ ಉಳಿದಿರುವ ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ಹಸಿರು ತೆರಿಗೆ ಮತ್ತು ತಪಾಸಣೆಗೆ ಮುನ್ನ ಮಾಡಿಸಬೇಕಾದ ತುಕ್ಕಿನ ಕೆಲಸ ಬೇರೆ. ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದರ ಕೊನೆಯ ಕಾರುಗಳ ಮೊದಲ ಅವಧಿಯೂ 2029ರ ಸುಮಾರಿಗೆ ತೀರುತ್ತದೆ. ಇನ್ನು ಹೊಸ ಕಾರಿನ ಪರ ಒಂದು ಅಂಶವೂ ಇದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಅದೇ ದಿನ ಬಿಡಿಭಾಗಗಳ ತೆರಿಗೆಯೂ ಇಳಿದುದರಿಂದ ತಕ್ಕಡಿ ಅಂದುಕೊಂಡಷ್ಟು ಒಂದೇ ಕಡೆ ವಾಲಿಲ್ಲ. ಹೊಸ ಕಾರಿನ ಮುಂಗಡ ಹಣ ಹಬ್ಬದ ಸರಕು ತುಂಬುವ ತಿಂಗಳಲ್ಲಿ ಕೈಬಿಟ್ಟರೆ ಆಗುವ ವ್ಯಾಪಾರ ನಷ್ಟವನ್ನು ಷೋರೂಮಿನ ಯಾವ ಕಂತಿನ ಪಟ್ಟಿಯೂ ತೋರಿಸುವುದಿಲ್ಲ.

ತೆರಿಗೆಯ ಅಂಶಗಳು

ವ್ಯವಹಾರಕ್ಕೆ ಬಳಸುವ ಕಾರಿನ ದುರಸ್ತಿಯನ್ನು ವೆಚ್ಚವಾಗಿ ತೋರಿಸಬಹುದಾದರೂ ಮನೆಯ ಬಳಕೆಯ ಪಾಲನ್ನು ಕಳೆಯಬೇಕು. ಇರುವ ಆಸ್ತಿಯನ್ನು ಕಾಪಾಡುವ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ಖರ್ಚು ಬಂಡವಾಳದ್ದು ಎಂಬುದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಎತ್ತಿಹಿಡಿದ ಒರೆಗಲ್ಲು. ಗ್ಯಾಸ್ಕೆಟ್, ರಿಂಗ್, ಬೋರಿಂಗ್ ಕೆಲಸ ಮೊದಲನೆಯ ಗುಂಪಿಗೆ ಸೇರುವುದರಲ್ಲಿ ಸಂಶಯ ಕಡಿಮೆ; ಪೂರ್ಣ ಎಂಜಿನ್ ಬದಲಾವಣೆಗೆ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದಾಗಿ ಪಾವತಿಸಿದ ವೆಚ್ಚವನ್ನು ಒಪ್ಪುವುದಿಲ್ಲವಾದ್ದರಿಂದ ಗ್ಯಾರೇಜಿನ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಅಂದಾಜು ಲಾಭದ ಯೋಜನೆಯಡಿ ತೆರಿಗೆ ಕಟ್ಟುವವರಿಗೆ ಈ ವೆಚ್ಚ ಪ್ರತ್ಯೇಕವಾಗಿ ಸಿಗದು. ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆ ಹಾಗೂ ವಿಮೆಯ ಮೇಲಿನ ಜಿ.ಎಸ್.ಟಿ.ಗೆ ಸಾಮಾನ್ಯ ವರ್ತಕರಿಗೆ ಹುಟ್ಟುವಳಿ ತೆರಿಗೆ ಜಮೆ ಇಲ್ಲ; ಅಂದಾಜುಪಟ್ಟಿಯನ್ನು ತೆರಿಗೆ ಸೇರಿಸಿಯೇ ಓದಬೇಕು.

ಮಾರುವುದೇ ಖಚಿತವಾದರೆ, ಜಿ.ಎಸ್.ಟಿ. ನೋಂದಾಯಿತ ವರ್ತಕ ಸಂಸ್ಥೆಯ ಕಾರಿಗೆ ಸವಕಳಿ ಪಡೆದಿದ್ದಲ್ಲಿ, ಮಾರಾಟ ಬೆಲೆ ಸವಕಳಿ ಕಳೆದ ಮೌಲ್ಯಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟಕ್ಕೆ ಮಾತ್ರ ತೆರಿಗೆ. ಈ ದರ 2025ರ ಜನವರಿ 16ರಿಂದ ಶೇ. 18. ಪುಸ್ತಕದಲ್ಲಿ 40,000 ರೂ. ಉಳಿದಿರುವ ಕಾರು 30,000ಕ್ಕೆ ಹೋದರೆ ತೆರಿಗೆ ಇಲ್ಲ. ದುರಸ್ತಿಗೂ ಮಾರಾಟಕ್ಕೂ ಒಗ್ಗದ ಕಾರನ್ನು 2021ರ ನಿಯಮಗಳಡಿ ನೋಂದಣಿಯಾದ ಗುಜರಿ ಕೇಂದ್ರಕ್ಕೇ ಕೊಡುವುದು ಸೂಕ್ತ. ಅಲ್ಲಿ ದೊರೆಯುವ ಠೇವಣಿ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ಖಾಸಗಿ ವಾಹನದ ಮೋಟಾರು ತೆರಿಗೆಯಲ್ಲಿ ಶೇ. 25ರ ತನಕ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ಬೀದಿಯ ಗುಜರಿಯವನಿಗೆ ನಾಲ್ಕು ಕಾಸು ಹೆಚ್ಚಿಗೆಂದು ಕೊಟ್ಟು ಆರ್.ಸಿ. ರದ್ದು ಮಾಡಿಸದೆ ಬಿಟ್ಟರೆ, ಆ ಸಂಖ್ಯೆಯ ವಾಹನಕ್ಕೆ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಮಾಲೀಕನಾಗಿ ಉಳಿಯುವವನು ಹಳೆಯ ವರ್ತಕನೇ.