ಹಸುರುಮನೆಯಲ್ಲಿ ಉಷ್ಣತೆ ಮತ್ತು ತೇವದ ಹತೋಟಿ

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಬ್ಬಿಣದ ಕೊಳವೆಗಳ ಮೇಲೆ ಪಾಲಿಥಿನ್ ಹಾಳೆಯನ್ನು ಹೊದಿಸಿ ಕಟ್ಟಿದ ಹಸುರುಮನೆಗಳು ಅನೇಕ ಗ್ರಾಮಗಳಲ್ಲಿ ಕಾಣಬರುತ್ತವೆ. ಜನರು ಇವನ್ನು ಪಾಲಿಹೌಸ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಬೆಳೆಯತಕ್ಕ ಫಸಲುಗಳಲ್ಲಿ ದೊಣ್ಣೆಮೆಣಸಿನಕಾಯಿಯು ಮುಖ್ಯವಾದುದು. ಇಂತಹ ಮನೆಯನ್ನು ಕಟ್ಟಲು ಹಿಡಿಯುವ ಹಣವು ಅಲ್ಪವಲ್ಲ. ಅನೇಕರು ಸಾಲವನ್ನೆತ್ತಿಯೇ ಕಟ್ಟುತ್ತಾರೆ. ಬೆಳೆಯು ಕೆಟ್ಟರೂ ಸಾಲದ ಕಂತು ನಿಲ್ಲುವುದಿಲ್ಲ. ಆದುದರಿಂದ ಮನೆಯನ್ನು ಕಟ್ಟುವುದರಲ್ಲಿ ತೋರುವ ಶ್ರದ್ಧೆಯನ್ನು ಅದರೊಳಗಿನ ಹವೆಯನ್ನು ಕಾಯುವುದರಲ್ಲಿಯೂ ತೋರುವುದು ಅತ್ಯವಶ್ಯಕವು.

1. ಚಳಿದೇಶದ ಮನೆಗೂ ಈ ಸೀಮೆಯ ಮನೆಗೂ ಇರುವ ಭೇದ

ಹಾಲೆಂಡ್ ಮೊದಲಾದ ಚಳಿದೇಶಗಳಲ್ಲಿ ಗಾಜಿನ ಮನೆಗಳನ್ನು ಕಟ್ಟುವುದು ಶಾಖವನ್ನು ಕೂಡಿಡುವುದಕ್ಕಾಗಿ. ಈ ಸೀಮೆಯಲ್ಲಿಯಾದರೋ ಶಾಖವನ್ನು ಹೊರಗೆ ಕಳುಹಿಸುವುದೇ ವರ್ಷದ ಬಹುಭಾಗದ ಕೆಲಸವಾಗಿರುತ್ತದೆ. ಸೂರ್ಯನ ಕಿರಣಗಳು ಹಾಳೆಯ ಮೂಲಕ ಒಳಹೊಕ್ಕು ನೆಲವನ್ನೂ ಗಿಡಗಳನ್ನೂ ಕಾಯಿಸುತ್ತವೆ. ಅವುಗಳಿಂದ ಕಾದ ಗಾಳಿಯು ಹೊರಹೋಗಲು ದಾರಿಯಿಲ್ಲದೆ ಮೇಲೆ ನಿಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊರಗೆ 34 ಡಿಗ್ರಿ ಸೆಂಟಿಗ್ರೇಡ್ ಇರುವ ಮಧ್ಯಾಹ್ನ, ಪರದೆಗಳನ್ನು ಮುಚ್ಚಿದ ಮನೆಯೊಳಗೆ 40 ಡಿಗ್ರಿಯನ್ನು ಮೀರುವುದು ಕಷ್ಟವಲ್ಲ.

ದೊಣ್ಣೆಮೆಣಸಿನ ಗಿಡಕ್ಕೆ ಹಗಲು 21ರಿಂದ 27 ಡಿಗ್ರಿ, ರಾತ್ರಿ 15ರಿಂದ 20 ಡಿಗ್ರಿ ಉಷ್ಣತೆಯು ಹಿತವಾದುದು. ಹಗಲಿನ ಉಷ್ಣತೆಯು 32 ಡಿಗ್ರಿಯನ್ನು ಮೀರಿ ಕೆಲವು ದಿವಸ ನಿಂತರೆ ಪರಾಗವು ನಿಸ್ಸತ್ವವಾಗಿ ಹೂಗಳು ಉದುರುತ್ತವೆ. ರಾತ್ರಿಯ ಚಳಿಯು ವಿಪರೀತವಾದರೆ ಕಾಯಿಗಳು ಬೀಜವಿಲ್ಲದೆ ಸಣ್ಣಗೆ, ಸೊಟ್ಟಗೆ ಬೆಳೆದು ಸಂತೆಯಲ್ಲಿ ಬೆಲೆಯನ್ನು ಕಳೆದುಕೊಳ್ಳುತ್ತವೆ.

2. ಉಷ್ಣತೆಗೂ ತೇವಕ್ಕೂ ಇರುವ ಸಂಬಂಧ

ಉಷ್ಣತೆ ಬೇರೆ, ತೇವ ಬೇರೆ ಎಂದು ಭಾವಿಸುವುದು ತಪ್ಪು. ಗಾಳಿಯು ಬೆಚ್ಚಗಾದಷ್ಟೂ ಹೆಚ್ಚು ನೀರಿನ ಆವಿಯನ್ನು ಹಿಡಿಯುತ್ತದೆ. ಒಂದು ಘನ ಮೀಟರ್ ಗಾಳಿಯು 20 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ಆವಿಯನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಹೀಗೆ ಹಿಡಿಯಬಲ್ಲಷ್ಟರಲ್ಲಿ ನೂರಕ್ಕೆ ಎಷ್ಟು ಪಾಲು ಆವಿಯು ಗಾಳಿಯಲ್ಲಿದೆಯೋ ಅದೇ ತೇವದ ಪ್ರಮಾಣವು. ಬೆಳಿಗ್ಗೆ 20 ಡಿಗ್ರಿಯಲ್ಲಿ ನೂರಕ್ಕೆ 90 ಪಾಲು ತೇವವಿದ್ದ ಗಾಳಿಯು, ಆವಿಯು ಹೆಚ್ಚದೆ ಕುಗ್ಗದೆ 30 ಡಿಗ್ರಿಗೆ ಕಾದರೆ, ತೇವವು ನೂರಕ್ಕೆ ಸುಮಾರು 50 ಪಾಲಿಗೆ ಇಳಿಯುತ್ತದೆ.

ಇದರ ವಿಲೋಮವು ರಾತ್ರಿ ನಡೆಯುತ್ತದೆ. ಬೆಳೆಗೆ ಹಾನಿಯು ಬರುವುದು ಬಹುಮಟ್ಟಿಗೆ ಇಲ್ಲಿಂದಲೇ. ಸಂಜೆ 30 ಡಿಗ್ರಿಯಲ್ಲಿ ನೂರಕ್ಕೆ 60 ಪಾಲು ತೇವವಿರುವ ಗಾಳಿಯನ್ನು ಮನೆಯೊಳಗೆ ಮುಚ್ಚಿಟ್ಟರೆ, ರಾತ್ರಿ ಸುಮಾರು 21 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ಆವಿಯಿಂದ ತುಂಬಿಹೋಗುತ್ತದೆ. ಅದಕ್ಕೂ ಕೆಳಗೆ ಇಳಿದರೆ ಹೆಚ್ಚಿನ ಆವಿಯು ನೀರಾಗಿ ಹಾಳೆಯ ಒಳಮೈಯಲ್ಲೂ ಎಲೆಗಳ ಮೇಲೂ ನಿಲ್ಲುತ್ತದೆ. ಎಲೆಯು ಬಹಳ ಹೊತ್ತು ಒದ್ದೆಯಾಗಿದ್ದರೆ ಎಲೆಚುಕ್ಕೆಯೂ ಕೊಳೆರೋಗವೂ ಹಬ್ಬುತ್ತವೆ. ಇದಕ್ಕೆ ವಿರುದ್ಧವಾಗಿ, ಹವೆಯು ಬಿಸಿಯಾಗಿ ಅತಿಯಾಗಿ ಒಣಗಿದ್ದರೆ ನುಸಿಯ ಬಾಧೆಯು ಹೆಚ್ಚಿ ಎಲೆಗಳು ಮುದುಡುತ್ತವೆ. ನೂರಕ್ಕೆ 60ರಿಂದ 70 ಪಾಲು ತೇವವು ಈ ಬೆಳೆಗೆ ಯೋಗ್ಯವಾದುದು.

3. ಅಳೆಯುವ ಕ್ರಮ

ಮೈಗೆ ತೋರುವ ಸೆಕೆಯನ್ನು ನಂಬತಕ್ಕದ್ದಲ್ಲ. ಎರಡು ಉಷ್ಣಮಾಪಕಗಳನ್ನು ಗಿಡಗಳ ಎತ್ತರದಲ್ಲಿ, ಬಿಸಿಲು ತಾಗದಂತೆ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಒಂದರ ಗುಂಡಿಗೆ ತೆಳುವಾದ ಹತ್ತಿಬಟ್ಟೆಯನ್ನು ಸುತ್ತಿ, ಅದರ ತುದಿಯನ್ನು ಶುದ್ಧವಾದ ನೀರಿನ ಸೀಸೆಯಲ್ಲಿ ಇಳಿಬಿಡಬೇಕು. ಒಣ ಮಾಪಕವು ಸುಮಾರು 30 ಡಿಗ್ರಿಯನ್ನು ತೋರುವಾಗ ಎರಡಕ್ಕೂ ಇರುವ ವ್ಯತ್ಯಾಸದಿಂದ ತೇವವನ್ನು ಹೀಗೆ ತಿಳಿಯಬಹುದು:

ವ್ಯತ್ಯಾಸ 2 ಡಿಗ್ರಿ: ನೂರಕ್ಕೆ ಸುಮಾರು 86
ವ್ಯತ್ಯಾಸ 5 ಡಿಗ್ರಿ: ನೂರಕ್ಕೆ ಸುಮಾರು 67
ವ್ಯತ್ಯಾಸ 8 ಡಿಗ್ರಿ: ನೂರಕ್ಕೆ ಸುಮಾರು 50
ವ್ಯತ್ಯಾಸ 10 ಡಿಗ್ರಿ: ನೂರಕ್ಕೆ ಸುಮಾರು 39

4. ದಿನದ ಕೆಲಸಗಳು

ಬೆಳಿಗ್ಗೆ: ಬಿಸಿಲು ಏರುವುದಕ್ಕೆ ಮುಂಚೆಯೇ ಪಕ್ಕದ ಪರದೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸುತ್ತಿ ಮೇಲೆತ್ತಬೇಕು. ಸೂರ್ಯನು ಏರಿದ ಮೇಲೆ ಗಾಳಿಯು ಬೇಗ ಕಾಯುತ್ತದೆ, ಕಾಯಿಯು ನಿಧಾನವಾಗಿ ಕಾಯುತ್ತದೆ. ಆಗ ತಣ್ಣಗಿನ ಕಾಯಿಯ ಮೇಲೆ ತೇವವು ಕೂಡುವುದುಂಟು. ಹನಿ ನೀರಾವರಿಯನ್ನೂ ಬೆಳಗಿನ ಹೊತ್ತಿನಲ್ಲಿಯೇ ನಡೆಸತಕ್ಕದ್ದು.

ಮಧ್ಯಾಹ್ನ: ಬೇಸಗೆಯಲ್ಲಿ ಸುಮಾರು 11 ಗಂಟೆಯಿಂದ 3 ಗಂಟೆಯವರೆಗೆ ಒಳಗಿನ ನೆರಳು ಬಲೆಯನ್ನು ಎಳೆಯಬೇಕು. ಅದನ್ನು ದಿನವೆಲ್ಲಾ ಹಾಗೆಯೇ ಬಿಟ್ಟರೆ ಬೆಳಕು ಸಾಲದೆ ಗಿಡಗಳು ಬಡಕಲಾಗಿ ಉದ್ದಕ್ಕೆ ಬೆಳೆಯುತ್ತವೆ. ಫಾಗರ್‌ಗಳಿಂದ ಸಿಂಪಡಿಸುವ ಮಂಜಿನಂತಹ ನೀರು, ಮಣ್ಣಿನ ಹೂಜಿಯ ನೀರನ್ನು ತಣ್ಣಗಿಡುವ ನ್ಯಾಯದಿಂದಲೇ ಗಾಳಿಯನ್ನು ತಂಪುಮಾಡುತ್ತದೆ. ಆದರೆ ತೇವದ ಮಾಪಕವು ತೋರುವ ಅಂಶಕ್ಕಿಂತ ಕೆಳಗೆ ಅದು ಎಂದಿಗೂ ಇಳಿಸಲಾರದು. ಎರಡು ಮಾಪಕಗಳ ವ್ಯತ್ಯಾಸವು 4 ಡಿಗ್ರಿಗಿಂತ ಕಡಿಮೆಯಿದ್ದಾಗ ಫಾಗರ್ ನಡೆಸುವುದರಿಂದ ಎಲೆಗಳು ಒದ್ದೆಯಾಗುವುದೇ ಹೊರತು ಪ್ರಯೋಜನವಿಲ್ಲ. ವ್ಯತ್ಯಾಸವು ಹೆಚ್ಚಾಗಿದ್ದರೂ, ತೆರಪುಗಳನ್ನು ತೆರೆದಿಟ್ಟು ಸ್ವಲ್ಪ ಕಾಲ ಮಾತ್ರ ನಡೆಸಿ ನಿಲ್ಲಿಸಬೇಕು.

ಸಂಜೆ: ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಚಳಿಗೆ ಹೆದರಿ ಪರದೆಗಳನ್ನೆಲ್ಲಾ ಬಿಗಿಯಾಗಿ ಮುಚ್ಚುವ ವಾಡಿಕೆಯಿದೆ. ಮೊದಲು ಒಳಗಿನ ಒದ್ದೆ ಗಾಳಿಯು ಹೊರಹೋಗಲು ಬಿಟ್ಟು, ಅನಂತರ ಪಕ್ಕದ ಪರದೆಗಳನ್ನು ಇಳಿಸಬೇಕು; ಮೇಲಿನ ತೆರಪಿನಿಂದ ತೇವವು ಹೋಗುತ್ತಿರಲಿ. ಸಂಜೆಯ ವೇಳೆ ನೀರುಕಟ್ಟುವುದಾಗಲಿ ಔಷಧಿಯನ್ನು ಸಿಂಪಡಿಸುವುದಾಗಲಿ ಸಲ್ಲದು.

ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆಯಾಗಿರುವುದರಿಂದ ಗಾಳಿಯಾಡಿಸುವುದೊಂದೇ ಉಪಾಯವು. ಇರಚಲು ಹೊಡೆಯುವ ಪಕ್ಕದ ಪರದೆಯನ್ನು ಮಾತ್ರ ಇಳಿಸಿ, ಉಳಿದವನ್ನು ತೆರೆದಿಡಬೇಕು. ಗಿಡದ ಕವಲುಗಳನ್ನು ಸಕಾಲದಲ್ಲಿ ಸವರಿ, ಮುದಿ ಎಲೆಗಳನ್ನು ತೆಗೆದುಹಾಕಿದರೆ ಸಾಲುಗಳ ನಡುವೆ ಗಾಳಿಯು ಸುಳಿಯುತ್ತದೆ.

5. ಕಟ್ಟಡದ ವಿಷಯದಲ್ಲಿ ಎಚ್ಚರಿಕೆ

ಮುಂಗಾರಿನ ಗಾಳಿಯು ಪಶ್ಚಿಮದ ಕಡೆಯಿಂದ ಬೀಸುವ ಈ ಪ್ರಾಂತದಲ್ಲಿ ಛಾವಣಿಯ ತೆರಪು ಪೂರ್ವಕ್ಕೆ ಮುಖಮಾಡಿರುವುದು ಲೇಸು. ಹಾಗಿದ್ದರೆ ಮಳೆಯು ಒಳನುಗ್ಗದೆ, ಬೀಸುವ ಗಾಳಿಯೇ ಒಳಗಿನ ಬಿಸಿಯನ್ನು ಸೆಳೆದೊಯ್ಯುತ್ತದೆ. ಪಕ್ಕಗಳಿಗೆ ಕಟ್ಟಿದ ಕೀಟದ ಬಲೆಯ ಕಣ್ಣುಗಳು ಧೂಳಿನಿಂದ ಮುಚ್ಚಿಹೋದರೆ ಪರದೆಗಳನ್ನು ತೆರೆದರೂ ಗಾಳಿಯು ಬಾರದು. ಆದುದರಿಂದ ಬಲೆಯನ್ನು ಆಗಾಗ್ಗೆ ನೀರಿನಿಂದ ತೊಳೆಯಬೇಕು.

ಈ ಕೆಲಸಗಳಲ್ಲಿ ಯಾವುದೂ ಹೆಚ್ಚು ಖರ್ಚಿನದಲ್ಲ. ಆದರೆ ಹೊತ್ತಿಗೆ ಸರಿಯಾಗಿ ನಡೆಯತಕ್ಕವು. ಭೂಮಾಲಿಕರು ಪರದೆಗಳ ಹೊಣೆಯನ್ನು ಒಬ್ಬ ಆಳಿಗೆ ನಿಶ್ಚಯವಾಗಿ ಒಪ್ಪಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾಪಕಗಳ ಅಂಕಿಗಳನ್ನು ಪುಸ್ತಕದಲ್ಲಿ ಬರೆಯಿಸಬೇಕು. ಗ್ರಾಮದ ಮುಖಂಡರು ತಮ್ಮ ಊರಿನ ಬೆಳೆಗಾರರನ್ನು ಸೇರಿಸಿ ಆ ಪುಸ್ತಕಗಳನ್ನು ಹೋಲಿಸಿ ನೋಡುವ ಏರ್ಪಾಟನ್ನು ಮಾಡಿದರೆ, ಹೂ ಉದುರಿದ ಮನೆಯಲ್ಲಿ ಯಾವ ದಿನ, ಯಾವ ಹೊತ್ತು ತಪ್ಪಿತೆಂಬುದು ಊರಿಗೆಲ್ಲಾ ತಿಳಿದು, ಮುಂದಿನ ಬೆಳೆಗೆ ಆ ನಷ್ಟವು ತಪ್ಪುವುದು.