ಅರ್ಜಿ ಕನ್ನಡದಲ್ಲೇ ಇರಲಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು, ಅಂದರೆ ರಾಜ್ಯದ ಬಹುಪಾಲು ಜನರ ಭಾಷೆಗಿಂತ ಬೇರೆಯಾದ ತಾಯ್ನುಡಿಯುಳ್ಳ ಸಮುದಾಯವಾದರು. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಮುಂದೆ ಹೋಗಿ, ಸಚಿವಾಲಯಕ್ಕೂ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದೆಡೆಯ ಸ್ಥಳೀಯ ಕಚೇರಿಗಳಿಗೂ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದೆಂದೂ ಉತ್ತರವೂ ಕನ್ನಡದಲ್ಲೇ ಬರಬೇಕೆಂದೂ ವಿಧಿಸುತ್ತದೆ.

ಆದುದರಿಂದ ಗಡಿನಾಡಿನ ಓದುಗರು, ಕೆಲಸ ಬೇಗ ಮುಗಿಯಲೆಂಬ ಆತುರಕ್ಕೆ ಮಣಿದು ಬೇರೆ ಭಾಷೆಯಲ್ಲಿ ಅರ್ಜಿ ಬರೆಸುವ ಬದಲು, ಕನ್ನಡದಲ್ಲೇ ಬರೆದು ರಶೀದಿ ಪಡೆದಿಟ್ಟುಕೊಳ್ಳುವುದು ಒಳಿತು. ಏಕೆಂದರೆ ಕನ್ನಡದ ಅರ್ಜಿಗಳೇ ಬಾರದ ಕಚೇರಿಯಲ್ಲಿ ಕನ್ನಡ ಬಲ್ಲ ನೌಕರರು ಬೇಕೆಂದು ತೋರಿಸುವ ದಾಖಲೆಯೇ ಇರುವುದಿಲ್ಲ, ಮತ್ತು ಬಳಸದ ಹಕ್ಕನ್ನು ಆಡಳಿತವು ಬೇಡದ ಹಕ್ಕೆಂದೇ ಎಣಿಸುತ್ತದೆ. ಕನ್ನಡ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರು ಬಂದಂಥ ಸಂದರ್ಭಗಳಲ್ಲಿ, 350ಬಿ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುವ, ಸಂಸತ್ತಿನ ಮುಂದೆ ಬರುವ ವರದಿಯನ್ನು ಸಿದ್ಧಪಡಿಸುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೂ ಬರೆಯಬಹುದು. ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ಠರಾವಾಗಿ ಬರೆಯಿಸಿಕೊಂಡರೆ, ಅವು ಒಬ್ಬಿಬ್ಬರ ದೂರಾಗಿ ಉಳಿಯದೆ ಊರಿನ ನಿರ್ಣಯವಾಗುತ್ತವೆ.