ಯಾವ ನೂರರಲ್ಲಿ ಎಷ್ಟು?

ಕಳೆದ ಸುಗ್ಗಿಯಲ್ಲಿ ನಮ್ಮ ದೊಡ್ಡಪ್ಪನ ಜೊತೆ ಸಿರುಗುಪ್ಪದಲ್ಲಿ ನೆಲ್ಲು ಮಾರೋಕೆ ಹೋಗಿದ್ದೆ. ಮಷೀನಿನಲ್ಲಿ ಕೊಯ್ಸಿದ ಹಸಿ ನೆಲ್ಲು, 75 ಕೆಜಿಯ ನೂರು ಚೀಲ. ವ್ಯಾಪಾರಿ ಒಂದು ಹಿಡಿ ಕಾಳನ್ನ ತೇವ ಅಳೆಯೋ ಮೀಟರಿಗೆ ಹಾಕಿ, "ಇಪ್ಪತ್ತೆರಡು ಐತೆ. ನಮಗೆ ಹದಿನೇಳು ಬೇಕು. ಚೀಲಕ್ಕೆ ನಾಲ್ಕೂವರೆ ಕೆಜಿ ಹಿಡೀತೀನಿ" ಅಂದ.

ದೊಡ್ಡಪ್ಪ ನನ್ನ ಕಡೆ ತಿರುಗಿ, "ಏನಪ್ಪಾ ಇಂಜಿನಿಯರ್ರು, ಲೆಕ್ಕ ಸರಿ ಐತಾ ನೋಡು" ಅಂದ್ರು. ನಾನು ತಕ್ಷಣ ಹಾಕಿದೆ: 22ರಲ್ಲಿ 17 ಕಳೆದರೆ 5. 75 ಕೆಜಿಗೆ ಶೇ. 5 ಅಂದ್ರೆ 3.75 ಕೆಜಿ. ಚೀಲಕ್ಕೆ ಮುಕ್ಕಾಲು ಕೆಜಿ ಜಾಸ್ತಿ ಹಿಡೀತಿದ್ದಾನೆ, ನೂರು ಚೀಲಕ್ಕೆ 75 ಕೆಜಿ, ಅಂದ್ರೆ ಒಂದು ಚೀಲವೇ ಹೋಯ್ತು! ಜೋರು ಜೋರಾಗಿ ಜಗಳಾನೂ ಮಾಡಿದೆ. ರಾತ್ರಿ ಮನೆಗೆ ಬಂದು ಹಾಳೆ ಮೇಲೆ ಲೆಕ್ಕ ಮಾಡಿದಾಗ ತಪ್ಪು ನಂದೇ ಅಂತ ಗೊತ್ತಾಯ್ತು.

ಮೂರು ಸೆಮಿಸ್ಟರ್ ಗಣಿತ ಪಾಸಾದವನು ಏಳನೇ ಕ್ಲಾಸಿನ ಶೇಕಡಾ ಲೆಕ್ಕದಲ್ಲಿ ಬಿದ್ದಿದ್ದೆ. ಅದಕ್ಕೇ ಈ ಪಾಠ. ಸೂತ್ರ ನಿಮಗೆಲ್ಲ ಗೊತ್ತಿರೋದೇ: ಭಾಗ ÷ ಪೂರ್ತಿ × 100. ಎಡವೋದು ಸೂತ್ರದಲ್ಲಿ ಅಲ್ಲ, 'ಪೂರ್ತಿ' ಯಾವುದು ಅನ್ನೋದರಲ್ಲಿ.

1. ನೆಲ್ಲಿನ ತೇವ

ಶೇ. 22 ತೇವ ಅಂದ್ರೆ ಹಸಿ ನೆಲ್ಲಿನ ನೂರರಲ್ಲಿ 22 ಭಾಗ ನೀರು. ಶೇ. 17 ಅಂದ್ರೆ ಒಣಗಿದ ನೆಲ್ಲಿನ ನೂರರಲ್ಲಿ 17 ಭಾಗ ನೀರು. ಎರಡೂ ಬೇರೆ ಬೇರೆ ನೂರು. ಹಾಗಾಗಿ ನೇರವಾಗಿ ಕಳೆಯೋ ಹಾಗಿಲ್ಲ.

ಒಣಗಿಸಿದಾಗ ನೀರು ಹೋಗುತ್ತೆ, ಕಾಳಿನ ಒಣ ಭಾಗ ಹಾಗೇ ಉಳಿಯುತ್ತೆ. ಬದಲಾಗದ್ದನ್ನ ಹಿಡ್ಕೊಳ್ಳಿ:

75 ಕೆಜಿಯಲ್ಲಿ ಒಣ ಭಾಗ = 75 ರ ಶೇ. 78 = 58.5 ಕೆಜಿ.
ಒಣಗಿದ ಮೇಲೆ ಈ 58.5 ಕೆಜಿಯೇ ಶೇ. 83 ಆಗಬೇಕು.
ಒಟ್ಟು ತೂಕ = 58.5 ÷ 0.83 = 70.48 ಕೆಜಿ.
ಕಡಿಮೆಯಾಗೋದು = 75 − 70.48 = 4.52 ಕೆಜಿ.

ವ್ಯಾಪಾರಿ ಹಿಡಿದಿದ್ದು ನಾಲ್ಕೂವರೆ. ಲೆಕ್ಕ ಸರಿಯಾಗೇ ಇತ್ತು. ಅದೇ ತೇವಕ್ಕೆ ಚೀಲಕ್ಕೆ ಆರು ಕೆಜಿ ಹಿಡಿದಿದ್ರೆ ಮಾತ್ರ ನನ್ನ ಜಗಳಕ್ಕೆ ನ್ಯಾಯ ಇರ್ತಿತ್ತು. ಆಗ ನೂರು ಚೀಲಕ್ಕೆ 148 ಕೆಜಿ, ಹೆಚ್ಚೂಕಮ್ಮಿ ಎರಡು ಚೀಲ ಸುಮ್ಮನೆ ಹೋಗ್ತಿತ್ತು. ಬೆಂಬಲ ಬೆಲೆ ಖರೀದಿಯಲ್ಲೂ ಭತ್ತದ ತೇವಕ್ಕೆ ಶೇ. 17 ಮಿತಿ ಇದೆ. ಹಾಗಾಗಿ ನೆಲ್ಲು ಬೆಳೆಯೋರ ಮನೆಯವರು ಈ ಲೆಕ್ಕ ಫೋನಿನಲ್ಲಿ ಬರೆದಿಟ್ಕೊಳ್ಳಿ:

ಉಳಿಯುವ ತೂಕ = ಈಗಿನ ತೂಕ × (100 − ಈಗಿನ ತೇವ) ÷ (100 − ಬೇಕಾದ ತೇವ)

2. 'ಮೂರು ರೂಪಾಯಿ ಬಡ್ಡಿ'

ಕುರುಗೋಡಿನ ನಮ್ಮ ಅತ್ತೆ ಮೆಣಸಿನಕಾಯಿ ಬೆಳೆಗೆ ಅಂತ 40,000 ರೂ. ಕೈಸಾಲ ತಂದಿದ್ರು. "ಬಡ್ಡಿ ಎಷ್ಟತ್ತೆ?" ಅಂದೆ. "ಜಾಸ್ತಿ ಏನಿಲ್ಲಪ್ಪಾ, ಮೂರು ರೂಪಾಯಿ."

ನಮ್ಮ ಕಡೆ ಮೂರು ರೂಪಾಯಿ ಬಡ್ಡಿ ಅಂದ್ರೆ ನೂರು ರೂಪಾಯಿಗೆ ತಿಂಗಳಿಗೆ ಮೂರು. ಬ್ಯಾಂಕಿನ ಬೋರ್ಡಿನಲ್ಲಿ ಬರೆಯೋದು ವರ್ಷದ ಲೆಕ್ಕ. ಇಲ್ಲಿ ನೂರು ಒಂದೇ, ಕಾಲ ಬೇರೆ. ಹೋಲಿಸೋಕೆ 12ರಿಂದ ಗುಣಿಸಬೇಕು: 3 × 12 = ವರ್ಷಕ್ಕೆ ಶೇ. 36. ಅತ್ತೆ ಕಟ್ಟೋದು ತಿಂಗಳಿಗೆ 1,200, ವರ್ಷಕ್ಕೆ 14,400 ರೂ. ಅಸಲು ಹಾಗೇ ಇರುತ್ತೆ.

ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲ 3 ಲಕ್ಷದವರೆಗೆ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದ್ರೆ ಶೇ. 4. ಅತ್ತೆಗೆ "ಶೇಕಡಾ ನಾಲ್ಕು" ಅಂದಾಗ "ಅದು ಮೂರಕ್ಕಿಂತ ಜಾಸ್ತಿ ಆಯ್ತಲ್ಲೋ" ಅಂದ್ರು! ಆಮೇಲೆ ಅವರ ಲೆಕ್ಕದಲ್ಲೇ ಹೇಳಿದೆ: 4 ÷ 12 = 0.33. ಅಂದ್ರೆ ಮೂವತ್ಮೂರು ಪೈಸೆ ಬಡ್ಡಿ. 40,000ಕ್ಕೆ ವರ್ಷಕ್ಕೆ 1,600 ರೂ. ಅತ್ತೆ ಒಂದು ನಿಮಿಷ ಸುಮ್ಮನಿದ್ದು, "ಪಹಣಿ ನನ್ನ ಹೆಸರಲ್ಲೇ ಐತೆ, ನಾಳೆ ಬ್ಯಾಂಕಿಗೆ ಬರ್ತೀಯಾ?" ಅಂದ್ರು.

3. ಜೀನ್ಸ್ ಅಂಗಡಿಯ ರಿಯಾಯಿತಿ

ಬಳ್ಳಾರಿಯವರಿಗೆ ಜೀನ್ಸ್ ಬಗ್ಗೆ ಹೇಳಬೇಕಾಗಿಲ್ಲ. ಆದ್ರೂ 'ಶೇ. 40, ಅದರ ಮೇಲೆ ಇನ್ನೂ ಶೇ. 20 ರಿಯಾಯಿತಿ' ಅಂತ ಬೋರ್ಡು ನೋಡಿದ್ರೆ ನಮ್ಮ ಹುಡುಗರು 60 ಅಂತಾನೇ ಓದೋದು. 2,000 ರೂ. ಪ್ಯಾಂಟಿಗೆ ಮೊದಲು ಶೇ. 40 ಹೋದರೆ 1,200. ಎರಡನೇ ರಿಯಾಯಿತಿ ಈ 1,200ರ ಮೇಲೆ: 240 ರೂ. ಕೊಡೋದು 960. ಒಟ್ಟು ರಿಯಾಯಿತಿ ಶೇ. 52. ಸುಲಭ ದಾರಿ: ಉಳಿಯೋದನ್ನ ಗುಣಿಸಿ. 0.60 × 0.80 = 0.48.

4. ಡ್ಯಾಂ 'ಪೂರ್ತಿ' ತುಂಬಿದೆ

ಸಿರುಗುಪ್ಪದ ಗದ್ದೆಗೆ ನೀರು ಬರೋದು ತುಂಗಭದ್ರಾ ಜಲಾಶಯದಿಂದ. ಕಟ್ಟಿದಾಗ ಅದರ ಸಾಮರ್ಥ್ಯ 132.47 ಟಿಎಂಸಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯೋದು 105.788 ಟಿಎಂಸಿ. ಸುದ್ದಿಯಲ್ಲಿ 'ಶೇ. 100 ಭರ್ತಿ' ಅಂದಾಗ ಆ ನೂರು ಈಗಿನ ನೂರು. ಹಳೇ ಸಾಮರ್ಥ್ಯಕ್ಕೆ ಹೋಲಿಸಿದ್ರೆ 105.788 ÷ 132.47 × 100 = ಸುಮಾರು 80. ಐದರಲ್ಲಿ ಒಂದು ಪಾಲು ಜಾಗ ಹೂಳಿಗೆ ಹೋಗಿದೆ.

ನೀವೇ ಮಾಡಿ ನೋಡಿ

ಅ) ಮೆಣಸಿನಕಾಯಿ ಕ್ವಿಂಟಾಲಿಗೆ 16,000ದಿಂದ 12,000ಕ್ಕೆ ಇಳೀತು ಅಂದುಕೊಳ್ಳಿ. ಶೇ. ಎಷ್ಟು ಇಳೀತು? ಮತ್ತೆ ಹಳೇ ದರಕ್ಕೆ ಬರೋಕೆ ಶೇ. ಎಷ್ಟು ಏರಬೇಕು?

ಆ) 50 ಕೆಜಿ ನೆಲ್ಲು, ತೇವ ಶೇ. 20. ಶೇ. 17ಕ್ಕೆ ಒಣಗಿಸಿದ್ರೆ ಎಷ್ಟು ಉಳಿಯುತ್ತೆ?

ಇ) ಇದು ನಮ್ಮದೇ ಸಮಸ್ಯೆ! 40 ಕ್ಲಾಸಿನಲ್ಲಿ 28ಕ್ಕೆ ಹೋಗಿದ್ದೀರಿ. ವಿಟಿಯು ಕೇಳೋದು ಶೇ. 85 ಹಾಜರಿ. ಇನ್ನು ಒಂದನ್ನೂ ಬಿಡದೆ ಎಷ್ಟು ಕ್ಲಾಸಿಗೆ ಕೂರಬೇಕು?

ಉತ್ತರ: ಅ) ಇಳಿದಿದ್ದು ಶೇ. 25. ಏರಬೇಕಾದ್ದು 4,000 ÷ 12,000, ಅಂದ್ರೆ ಶೇ. 33.3. ಆ) 50 × 80 ÷ 83 = 48.19 ಕೆಜಿ. ಇ) 'ಶೇ. 15 ಕಮ್ಮಿ, 40ರಲ್ಲಿ 6 ಕ್ಲಾಸು' ಅಂದ್ರಾ? ನೀವು ಹೋದ ಹಾಗೆ ಒಟ್ಟು ಕ್ಲಾಸೂ ಬೆಳೀತಾ ಹೋಗುತ್ತೆ. ಬದಲಾಗದೇ ಇರೋದು ತಪ್ಪಿಸಿದ 12 ಕ್ಲಾಸು. ಅದು ಶೇ. 15 ಆಗಬೇಕಾದ್ರೆ ಒಟ್ಟು 12 ÷ 0.15 = 80 ಆಗಬೇಕು. ಇನ್ನೂ 40 ಕ್ಲಾಸು!

ನಿಮ್ಮೂರಿನ ಸಂತೆ, ಮಿಲ್ಲು, ಸಂಘದಲ್ಲಿ ಇಂಥ ಲೆಕ್ಕ ಸಿಕ್ಕಿದ್ರೆ ಬಳಗಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಬಿಡಿಸೋಣ. ನಾನಂತೂ ಈ ಸಲ ಸುಗ್ಗಿಗೆ ಕ್ಯಾಲ್ಕುಲೇಟರ್ ಹಿಡ್ಕೊಂಡೇ ಹೋಗ್ತೀನಿ. ಆ ವ್ಯಾಪಾರಿಗೆ ಒಂದು ಕ್ಷಮೆ ಬಾಕಿ ಇದೆ.